ಜೂನ್ ಒಂದರ ಮಕ್ಕಳು

ಏಳು ಸಮುದ್ರಗಳನ್ನು ದಾಟಿ, ಸಾಲದೆಂಬಂತೆ ಇನ್ನೂ ಒಂದನ್ನು ದಾಟಿದರೆ ಸಿಗುವ ಒಂದಾನೊಂದು ನಾಡಿನಲ್ಲಿ, ಮೌಂಟ್ ರಾಸ್ಕಿಲ್ಲಿನ ಬಾಡಿಗೆ ಮನೆಯೊಂದರೊಳಗೆ, ಸತ್ತ ಮುದುಕಿಯೊಬ್ಬಳನ್ನು ಎರಡನೇ ಸಲ ನೆಟ್ಟಗೆ ಕೂರಿಸುತ್ತಿದ್ದರು.

ಮೊದಲ ಸಲ ಕೂರಿಸಿದ್ದು ಹಿಂದಿನ ದಿನ ಬೆಳಿಗ್ಗೆ, ಮೈಯಲ್ಲಿ ಇನ್ನೂ ಕಾವಿರುವಾಗ. ಲಿಂಗಾಯತರ ಮನೆಯ ಹೆಣ ಮಲಗುವುದಿಲ್ಲ; ಕೂತೇ ಇರುತ್ತದೆ, ಕೂತೇ ಹೋಗುತ್ತದೆ, ಕೂತೇ ಮಣ್ಣು ಸೇರುತ್ತದೆ. ಊರಲ್ಲಾಗಿದ್ದರೆ ಗೋಡೆಗೆ ಎರಡು ಮೊಳೆ ಹೊಡೆದು, ಹಣೆಗೆ ಪಟ್ಟಿ ಕಟ್ಟಿ ಬಿಗಿಯುತ್ತಿದ್ದರು. ಇಲ್ಲಿ ಗೋಡೆಗೆ ಮೊಳೆ ಹೊಡೆಯಕೂಡದೆಂದು ಬಾಡಿಗೆಯ ಕರಾರಿನಲ್ಲೇ ಬರೆದಿತ್ತು. ಹಾಗಾಗಿ ಬಸಲಿಂಗವ್ವನ ಹಣೆಯ ಬಿಳಿ ಪಟ್ಟಿಯನ್ನು ಬೆನ್ನ ಹಿಂದಿನ ಕಪಾಟಿನ ಹಿಡಿಗೆ ಕಟ್ಟಿದ್ದರು. ಇವತ್ತು ಬೆಳಿಗ್ಗೆ ಯಾರೋ ಚಳಿ ತಾಳದೆ ಕಂಬಳಿ ತೆಗೆಯಲೆಂದು ಕಪಾಟಿನ ಬಾಗಿಲು ಎಳೆದರು. ಪಟ್ಟಿ ಸಡಿಲಾಗಿ ಆಕೆ ಎಡಕ್ಕೆ ವಾಲಿದಳು, ಪಕ್ಕದಲ್ಲಿ ಕೂತವರು ಮೆಲ್ಲಗೆ ಆಡಿದ ಮಾತನ್ನು ಕೇಳಿಸಿಕೊಳ್ಳಲು ಬಾಗಿದವಳಂತೆ.

“ತೆಲಿ ಹಿಡಿ ಮಯೂರಿ, ತೆಲಿ. ನಾ ಗಂಟ್ ಹಾಕ್ತೀನಿ,” ಎಂದರು ಲಿಂಗರಾಜ ಅಂಕಲ್. ಧಾರವಾಡದ ಈ ಎಂಜಿನಿಯರು ಆಕ್ಲೆಂಡಿನ ಹತ್ತಾರು ಲಿಂಗಾಯತ ಮನೆಗಳಿಗೆ ಸಾವಿನ ವೇಳೆಯಲ್ಲಿ ಕ್ರಿಯೆ ಮಾಡಿಸುವ ಅಯ್ಯನವರೂ ಆಗಿಬಿಡುತ್ತಿದ್ದರು.

ಮಯೂರಿ ತನ್ನ ಆಯಿಯ ತಲೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದಳು. ಫ್ರಿಜ್ಜಿನಿಂದ ತೆಗೆದ ತೆಂಗಿನಕಾಯಿಯಷ್ಟು ತಣ್ಣಗಿತ್ತು. ಇಪ್ಪತ್ತನಾಲ್ಕು ವರ್ಷ ತನ್ನ ಕಿವಿಗೆ ಕತೆ ಸುರಿದ ತಲೆ. ಮುಚ್ಚಿದ ರೆಪ್ಪೆಗಳ ಸಂದಿಯಲ್ಲಿ ಒಂದು ಗೆರೆಯಷ್ಟು ಬಿಳಿ ಕಾಣುತ್ತಿತ್ತು. ಕತೆ ಹೇಳುವಾಗ ಆಯಿ ನಡುವೆ ನಿಲ್ಲಿಸಿ, ಮೊಮ್ಮಗಳು ನಿದ್ದೆ ಹೋದಳೋ ಇಲ್ಲವೋ ಎಂದು ನೋಡುತ್ತಿದ್ದದ್ದು ಹೀಗೆಯೇ, ಅರೆಗಣ್ಣಲ್ಲಿ. ‘ಹ್ಞೂಂ ಅನ್ನವಾ. ಹ್ಞೂಂ ಅನ್ನಲಿಲ್ಲಂದ್ರ ಕತಿ ದಾರಿ ತಪ್ತದ.’

“ಹೀಟರ್ ಒಂದ್ ಹತ್ತು ನಿಮಿಷ ಹಾಕಿದ್ರೆ ಏನಾಗತ್ತೆ ಶಾಂತಾ?” ಪಕ್ಕದ ಬೀದಿಯ ಪ್ರಭಾ ಆಂಟಿ ಜಾಕೆಟ್ಟಿನ ತೋಳಿನೊಳಗೆ ಕೈ ಎಳೆದುಕೊಂಡರು. ಬೆಂಗಳೂರಿನವರು. “ಬೆರಳೆಲ್ಲ ಸೆಟೆದು ಹೋಗಿದೆ.”

“ಹಾಕಬ್ಯಾಡ್ರಿ ಅಂತ ಫ್ಯೂನರಲ್‌ನವ ಹೇಳಿ ಹೋಗ್ಯಾನ. ಅತ್ತಿ ಮಡಲಾಗ ಐಸ್ ಪ್ಯಾಕ್ ಇಟ್ಟೇವಿ,” ಎಂದಳು ಮಯೂರಿಯ ತಾಯಿ ಶಾಂತಾ.

“ಪಾಪ. ಬದುಕಿದ್ದಾಗ ಜುಲೈ ಚಳಿ ಬಂತು ಅಂದ್ರೆ ಸಾಕು, ಆ ಹೀಟರ್ ಮುಂದೆನೇ ಕೂತಿರೋರು.”

ಲಿಂಗರಾಜ ಅಂಕಲ್ ಗಂಟು ಬಿಗಿದು ಹಿಂದೆ ಸರಿದರು. “ಎರಡಕ್ಕ ಕುಣಿ ರೆಡಿ ಇರ್ತದ. ನಾಕಕ್ಕ ಸ್ಮಶಾನದ ಮಂದಿ ಮನಿಗೆ ಹೋಗ್ತಾರ. ಅಷ್ಟರಾಗ ಎಲ್ಲಾ ಮುಗೀಬೇಕು ತಿಪ್ಪಣ್ಣಾ. ಕುಣಿಯಾಗ ಇಳದು ಕುಂದ್ರಸವ್ರು ಯಾರು?”

ಕಿಟಕಿಯ ಬಳಿ ನಿಂತಿದ್ದ ತಿಪ್ಪಣ್ಣ ತಿರುಗಲಿಲ್ಲ. “ಯಾರು ಅಂದ್ರ? ಮಗ ನಾ ಇಲ್ಲೇನು? ನಾನs ಕುಂದ್ರಸ್ತೀನಿ.”

ಮಯೂರಿಯ ಕೈ ಇನ್ನೂ ಆಯಿಯ ಕೆನ್ನೆಯ ಮೇಲಿತ್ತು. ಅಪ್ಪನ ಮಾತು ಕೇಳಿ ಆ ಕೆನ್ನೆ ಗಟ್ಟಿಯಾಯಿತೆಂದು ಅವಳಿಗೆ ಅನಿಸಿತು. ಹತ್ತು ದಿನದ ಹಿಂದೆ, ಉಸಿರು ಸಿಕ್ಕಿ ಸಿಕ್ಕಿ ಬರುತ್ತಿರುವಾಗ, ಆಯಿ ಅವಳ ಮಣಿಕಟ್ಟು ಹಿಡಿದು ಹೇಳಿದ್ದಳು: “ನನ್ನ ಕುಣಿಯಾಗ ಕುಂದ್ರಸೂದು ರುದ್ರ್ಯಾನs. ಅಂವನ ಕೈಲೆನs. ಹ್ಞೂಂ ಅನ್ನು.” ಮಯೂರಿ ಹ್ಞೂಂ ಅಂದಿದ್ದಳು.

ರುದ್ರೇಶ ಆಯಿಯ ಸತ್ತುಹೋದ ಹಿರಿಮಗನ ಮಗ. ಆಯಿಯೇ ಸಾಕಿ ಬೆಳೆಸಿದವನು. ಅವನು ಇದೇ ಊರಿನ ಜೈಲಿಗೆ ಬಿದ್ದು ಹನ್ನೊಂದು ತಿಂಗಳಾಗಿತ್ತು.

ಎಂಟೂವರೆಗೆ ನಿಖತ್ ಬಂದಳು. ಬಿಜಾಪುರದ ಹುಡುಗಿ, ವಕೀಲೆ. ಒಂದು ಕೈಯಲ್ಲಿ ಕಪ್ಪು ಗೌನಿನ ಚೀಲ, ಇನ್ನೊಂದರಲ್ಲಿ ದಪ್ಪ ಫೈಲು. ಬಾಗಿಲಲ್ಲೇ ಬೂಟು ಬಿಚ್ಚಿ ಒಳಗೆ ಬಂದು, ಆಯಿಯ ಮುಂದೆ ಸ್ವಲ್ಪ ಹೊತ್ತು ತಲೆ ಬಾಗಿಸಿ ನಿಂತಳು. ಆಮೇಲೆ ತಿಪ್ಪಣ್ಣನ ಕಡೆ ತಿರುಗಿದಳು.

“ಕಾಕಾ, ಈಗ ಇದನ್ನ ಕೇಳಬಾರ್ದು, ಖರೆ. ಆದ್ರ ಹತ್ತಕ್ಕ ಕೋರ್ಟು. ಅರ್ಜಿ ಹಾಕ್ದಾಕಿ ಆಯಿ. ಆಕಿನs ಇಲ್ಲ ಅಂದ್ರ ಬ್ಯಾರೆ ಯಾರರ ಆಕಿ ಜಾಗಾದಾಗ ನಿಂತು ಸಹಿ ಮಾಡಬೇಕು.”

“ಯಾವ ಅರ್ಜಿ?” ಪ್ರಭಾ ಆಂಟಿ ಮುಂದಕ್ಕೆ ಬಾಗಿದರು.

“ಹೇಬಿಯಸ್ ಕಾರ್ಪಸ್ ಅಂತಾರ ಆಂಟಿ. ಮನಷ್ಯಾನ್ನ ಹಿಡದಿಟ್ಟವರು ಅಂವನ್ನ ಜಡ್ಜ್ ಮುಂದ ತಂದು ನಿಲ್ಲಿಸಿ, ಯಾಕ ಹಿಡದೀವಿ ಅಂತ ಹೇಳಬೇಕು. ಹೇಳಲಿಕ್ಕೆ ಆಗಲಿಲ್ಲ ಅಂದ್ರ ಬಿಡಬೇಕು. ಈ ಅರ್ಜಿ ಬಂತಂದ್ರ ಕೋರ್ಟು ಬಾಕಿ ಎಲ್ಲಾ ಬದಿಗಿಟ್ಟು ಮೂರು ದಿನದಾಗ ಕೇಳ್ತದ. ಸೋಮವಾರ ಹಾಕಿದ್ವಿ. ಇವತ್ತs ಮೂರನೇ ದಿನ.”

ಎಲ್ಲರೂ ತಿಪ್ಪಣ್ಣನನ್ನು ನೋಡಿದರು. ತಿಪ್ಪಣ್ಣ ತಾಯಿಯನ್ನು ನೋಡಿದ.

“ನಮ್ಮವ್ವನ ಹೆಣಾ ಬಿಟ್ಟು ನಾ ಕೋರ್ಟಿಗೆ ಬರಾಂಗಿಲ್ಲ ನಿಖತ್.”

ತಪ್ಪು ಹೇಳಲಾಗದ ಮಾತು. ಆದರೆ ಅಪ್ಪ ಅದನ್ನು ಎಷ್ಟು ಬೇಗ ಹೇಳಿದನೆಂಬುದು ಮಯೂರಿಗೆ ಗೊತ್ತಾಯಿತು. ಅವಳು ಆಯಿಯ ಕೆನ್ನೆಯಿಂದ ಕೈ ತೆಗೆದು, ಅಂಗೈಗೆ ಮೆತ್ತಿದ್ದ ವಿಭೂತಿಯನ್ನು ಸ್ವೆಟರಿಗೆ ಒರೆಸಿಕೊಂಡಳು.

“ನಾ ಮಾಡ್ತೀನಿ ನಿಖತ್ ಅಕ್ಕಾ. ಎಲ್ಲಿ ಸಹಿ ಮಾಡ್ಬೇಕು?”

•

ಘಟಪ್ರಭೆಯ ದಂಡೆಯ ಆ ಊರಿನಲ್ಲಿ ಒಂದು ಕಾಲಕ್ಕೆ ಮಕ್ಕಳೆಲ್ಲ ಒಂದೇ ದಿನ ಹುಟ್ಟುತ್ತಿದ್ದರು. ಹೊಲದಲ್ಲಿ ಹುಟ್ಟಲಿ, ತೊಟ್ಟಿಲ ಮನೆಯಲ್ಲಿ ಹುಟ್ಟಲಿ, ಶಾಲೆಗೆ ಸೇರಿಸಲು ಕರೆದೊಯ್ದಾಗ ಹೆಡ್‌ಮಾಸ್ತರು ಕೇಳುತ್ತಿದ್ದದ್ದು ಒಂದೇ: “ಬಲಗೈ ತೆಲಿ ಮ್ಯಾಲಿಂದ ಹಾಯ್ಸಿ ಎಡಗಿವಿ ಮುಟ್ಟಲೇ.” ಮುಟ್ಟಿದರೆ ಆರು ವರ್ಷ. ಮುಟ್ಟದಿದ್ದರೆ ಬರುವ ವರ್ಷ ಬಾ. ಮುಟ್ಟಿದವರೆಲ್ಲರ ಹೆಸರಿನ ಮುಂದೆ ಅವರು ಜೂನ್ ಒಂದು ಎಂದು ಬರೆಯುತ್ತಿದ್ದರು, ಶಾಲೆ ಶುರುವಾಗುವ ದಿನ. ಮಾಸ್ತರು ಬದಲಾದರು, ತಾರೀಖು ಬದಲಾಗಲಿಲ್ಲ. ತಿಪ್ಪಣ್ಣನೂ ಕಿವಿ ಮುಟ್ಟಿದ್ದ. ಇಪ್ಪತ್ತು ವರ್ಷದ ಮೇಲೆ ಅವನ ಅಣ್ಣನ ಮಗ ರುದ್ರೇಶನೂ ಮುಟ್ಟಿದ.

ಆ ತಾರೀಖು ಶಾಲೆಯ ಸರ್ಟಿಫಿಕೇಟಿನಿಂದ ಪಾಸ್‌ಪೋರ್ಟಿಗೆ ಹೋಯಿತು, ಪಾಸ್‌ಪೋರ್ಟಿನಿಂದ ನ್ಯೂಜಿಲೆಂಡಿಗೆ ಬಂತು. ರುದ್ರೇಶ ಮೂರು ವರ್ಷ ರೊಟೊಟೂನ ಎಂಬ ಊರಿನ ಹೊಸ ಮನೆಗಳಿಗೆ ಛಾವಣಿಯ ಚೌಕಟ್ಟು ಕೂರಿಸಿದ. ಬಾಸ್‌ನ ಪಿಕಪ್ ಗಾಡಿಯಲ್ಲಿ ಹೋಗಿ ಬಂದು, ವಾರಕ್ಕೊಮ್ಮೆ ಆಯಿಗೆ ಫೋನು ಮಾಡಿ, ಸುಖವಾಗಿಯೇ ಇದ್ದ. ಇಲ್ಲಿಯೇ ಉಳಿಯಲು ಅರ್ಜಿ ತುಂಬುವ ದಿನ ಮಾತ್ರ, ಕೊನೆಯ ಪುಟದಲ್ಲಿ ‘ಇದರಲ್ಲಿ ಬರೆದದ್ದೆಲ್ಲ ಸತ್ಯ’ ಎಂಬ ಸಾಲು ಓದಿ ಅವನ ಪೆನ್ನು ನಿಂತಿತು.

“ಆಯಿ, ನಾ ಹುಟ್ಟಿದ್ದು ಖರೇ ಯಾವಾಗ?”

“ದೀಪಾವಳಿ ಪಾಡ್ಯದ ದಿವಸಪಾ. ಆಕಳಿಗೆ ಆರತಿ ಎತ್ತೂ ಹೊತ್ತಿಗೆ. ನಿಮ್ಮವ್ವನ ಮಗ್ಗಲಾಗ ನಾನs ಇದ್ನೆಲ್ಲ.”

“ಮತ್ತ ಇಲ್ಲೆ ಏನ್ ಬರೀಲಿ?”

“ಖರೇ ಅಂತ ಸಹಿ ಮಾಡೂದಿದ್ರ ಖರೇನs ಬರಿ.”

ಅವನು ಹಳೆಯ ಪಂಚಾಂಗದ ಲೆಕ್ಕ ಹಾಕಿಸಿ ಪಾಡ್ಯದ ತಾರೀಖು ಬರೆದ. ಪಾಸ್‌ಪೋರ್ಟು ಒಂದು ಹೇಳಿತು, ಅರ್ಜಿ ಇನ್ನೊಂದು ಹೇಳಿತು. ಹಾಗಾದರೆ ಇವನು ಯಾರು ಎಂದು ಕಚೇರಿ ಕೇಳಿತು. ಕೆಲಸದ ಪರ್ಮಿಟ್ಟು ಮುಗಿಯಿತು. ಯಾರೆಂದು ತಿಳಿಯದವನನ್ನು ಹೊರಗೆ ಬಿಡುವಂತಿಲ್ಲ, ಯಾರೆಂದು ತಿಳಿಯದವನನ್ನು ಅವನ ದೇಶಕ್ಕೆ ಕಳಿಸುವಂತೆಯೂ ಇಲ್ಲ. ಎರಡು ದೇಶಗಳ ನಡುವೆ ಪತ್ರಗಳು ಓಡಾಡಿದವು. ರುದ್ರೇಶ ಗೋಡೆಯೊಳಗೆ ಕೂತ.

“ನಾ ಹೇಳಿದ್ದಕ್ಕs ಕೂಸು ಒಳಗ ಹೋತು,” ಎಂದು ಆಯಿ ಮಾತು ಮಾತಿಗೂ ಅನ್ನುವಳು. “ನಾನs ಹೊರಗ ತರತೀನಿ.”

ಅಪ್ಪ ಅರ್ಜಿದಾರನಾಗಲು ಒಪ್ಪಲಿಲ್ಲ. ಯಾರು ಬೇಕಾದರೂ ಯಾರ ಪರವಾಗಿಯೂ ಹಾಕಬಹುದೆಂದು ನಿಖತ್ ಹೇಳಿದಾಗ ಆಯಿ ಹಾಸಿಗೆಯಲ್ಲೇ ಎದ್ದು ಕೂತಳು. ತನ್ನ ಕಕ್ಷಿಗಾರಳ ಮಾತನ್ನು ವಕೀಲೆಯೇ ಇಂಗ್ಲಿಷಿಗೆ ತರುವಂತಿಲ್ಲ. ಆ ಕೆಲಸ ಮಯೂರಿಯದಾಯಿತು. ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ, ಬಿಡುವುದಿಲ್ಲ, ಸೇರಿಸುವುದಿಲ್ಲ ಎಂದು ಪ್ರಮಾಣದ ಕಾಗದಕ್ಕೆ ಸಹಿ ಹಾಕಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡಳು.

ಮೂರು ಮಧ್ಯಾಹ್ನ ಆಯಿ ಹೇಳಿದಳು. ಅವಳಿಗೆ ಸಾಕ್ಷಿ ಹೇಳುವುದು ಬೇರೆ, ಕತೆ ಹೇಳುವುದು ಬೇರೆ ಎಂದು ಗೊತ್ತಿರಲಿಲ್ಲ. ಆವತ್ತು ಯಾವ ಆಕಳು ಹಾಯಲು ಬಂತು, ಸೂಲಗಿತ್ತಿ ಯಾವ ಬಣ್ಣದ ಸೀರೆ ಉಟ್ಟಿದ್ದಳು, ಹೋಳಿಗೆಗೆ ಬೆಲ್ಲ ಕಡಿಮೆ ಬಿದ್ದು ಯಾರು ಮುನಿಸಿಕೊಂಡರು ಎಲ್ಲವೂ ಬಂತು.

“ಆಯಿ, ಜಡ್ಜ್‌ಗೆ ಹೋಳಿಗಿ ಯಾಕ ಬೇಕು?”

“ಬರಿ. ಹೋಳಿಗಿ ಬರದ್ರನs ಹಬ್ಬ ಅಂತ ನಂಬ್ತಾನ. ಹ್ಞೂಂ ಅನ್ನಕೋತ ಬರಿ.”

ಕೊನೆಯಲ್ಲಿ ಆಯಿ ಶಾಲೆಯ ವಿಷಯಕ್ಕೆ ಬಂದಳು. “ಮಾಸ್ತರ ಎಲ್ಲಾ ಹುಡುಗರಿಗೂ ಅದs ತಾರೀಖು ಹಾಕ್ತಿದ್ದ. ನನ್ನ ಮಗ ತಿಪ್ಪಣ್ಣಂದೂ ಅದs ಐತಿ. ಅಂವ ಹುಟ್ಟಿದ್ದು ಬನದ ಹುಣ್ಣಿಮಿಗೆ, ಚಳಿಗಾಲದಾಗ. ಬೇಕಾದ್ರ ಅಂವನ್ನ ಕರದು ಕೇಳ್ರಿ.”

ಆ ಸಂಜೆ ಅಡುಗೆಮನೆಯಲ್ಲಿ ಅಪ್ಪ ಮಯೂರಿಯ ಪಕ್ಕ ಬಂದು ನಿಂತ. ಪಾಲಕ್ ತೊಳೆಯುತ್ತಿದ್ದವಳ ಕೈ ನೋಡುತ್ತಲೇ ಹೇಳಿದ. “ಆ ಒಂದ್ ಸಾಲು ಬ್ಯಾಡ. ನನ್ನ ಹೆಸರು ತರಬ್ಯಾಡ. ನಂದು, ನಿಮ್ಮವ್ವಂದು, ನಿಂದು, ಎಲ್ಲಾರ ಸಿಟಿಜನ್‌ಶಿಪ್ಪೂ ಅದs ತಾರೀಖಿನ ಮ್ಯಾಲ ನಿಂತದ. ರುದ್ರ್ಯಾಂದು ಕೆದರಿದಂಗ ನಂದೂ ಕೆದರಿದ್ರ? ಇಡೀ ಮನಿ ಎಲ್ಲಿಗೆ ಹೋಗೂಣು?” ಅಪ್ಪನ ದನಿ ನಡುಗುತ್ತಿತ್ತು. ಈ ದೇಶಕ್ಕೆ ಬಂದ ಹದಿನೇಳು ವರ್ಷದಲ್ಲಿ ಅವಳು ಆ ನಡುಕ ಕೇಳಿರಲಿಲ್ಲ.

ಅವಳು ಆ ಸಾಲು ಅಳಿಸಿದಳು.

ಮರುದಿನ ಬರೆದದ್ದನ್ನೆಲ್ಲ ಕನ್ನಡದಲ್ಲಿ ಆಯಿಗೆ ಓದಿ ಹೇಳಿದಳು. ಆಯಿ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಅರೆಗಣ್ಣು ತೆರೆದಳು.

“ತಿಪ್ಪಣ್ಣಂದು ಬರದಿ ಹೌದಲ್ಲ?”

“ಹ್ಞೂಂ,” ಅಂದಳು ಮಯೂರಿ.

ಆಯಿ ಹೆಬ್ಬೆಟ್ಟೊತ್ತಿದಳು.

•

ಕೋರ್ಟಿನ ಕೋಣೆ ಮನೆಗಿಂತ ಬೆಚ್ಚಗಿತ್ತು. ಅದೇ ಮಯೂರಿಗೆ ಅಪರಾಧವೆನಿಸಿತು. ನಿಖತ್‌ಳ ಬೆನ್ನ ಹಿಂದೆ, ಅರ್ಜಿದಾರರ ಕುರ್ಚಿಯಲ್ಲಿ, ಆಯಿಯ ಜಾಗದಲ್ಲಿ ಅವಳು ಕೂತಳು.

ಪಕ್ಕದ ಬಾಗಿಲಿನಿಂದ ರುದ್ರೇಶನನ್ನು ತಂದರು. ಹನ್ನೊಂದು ತಿಂಗಳಲ್ಲಿ ಅವನ ಕುತ್ತಿಗೆ ತೆಳ್ಳಗಾಗಿ, ಅಂಗಿಯ ಕಾಲರು ದೊಡ್ಡದಾಗಿ ಕಾಣುತ್ತಿತ್ತು. ಅವನ ಜೊತೆ ಬಾಗಿಲಿನಷ್ಟೇ ಅಗಲದ ಮಾವೊರಿ ಮೂಲನಿವಾಸಿ ಅಧಿಕಾರಿಯೊಬ್ಬ. ಎದೆಯ ಮೇಲೆ ಹೇಮಿ ಎಂಬ ಹೆಸರಿನ ಪಟ್ಟಿ. ಆಯಿ ಹೋದದ್ದನ್ನು ಜೈಲಿನ ಪಾದ್ರಿ ರುದ್ರೇಶನಿಗೆ ತಿಳಿಸಿದ್ದರಂತೆ. ಅವನು ಕೋಣೆಯನ್ನೆಲ್ಲ ಒಮ್ಮೆ ನೋಡಿ, ಮಯೂರಿಯನ್ನು ಕಂಡು, ಅವಳ ಪಕ್ಕದ ಖಾಲಿ ಜಾಗವನ್ನು ನೋಡುತ್ತ ನಿಂತ.

ನ್ಯಾಯಾಧೀಶೆ ಆಯಿಯ ಹೇಳಿಕೆಯನ್ನು ಪೂರ್ತಿ ಓದಿದ್ದರು. ನಿಖತ್ ಎದ್ದು ಶಾಲೆಯ ಪದ್ಧತಿ ವಿವರಿಸಿದಳು: ಬಲಗೈ, ತಲೆ, ಎಡಗಿವಿ. ನ್ಯಾಯಾಧೀಶೆಯ ಬಲಗೈ ತಾನಾಗಿ ಮೇಜಿನಿಂದ ಸ್ವಲ್ಪ ಎದ್ದು ಮತ್ತೆ ಕೂತಿತು.

ಎದುರು ಪಕ್ಷದ ವಕೀಲ ಚಿಕ್ಕ ವಯಸ್ಸಿನವನು, ಮಾತು ಮೆದು. ಮೃತರ ಕುಟುಂಬಕ್ಕೆ ಸಂತಾಪ ಹೇಳಿಯೇ ಶುರುಮಾಡಿದ. ಆದರೆ, ಎಂದ, ತೀರಿಕೊಂಡವರನ್ನು ನಾವು ಪ್ರಶ್ನೆ ಕೇಳಲಾರೆವು. ಇಡೀ ಊರಿನ ಪದ್ಧತಿ ಎನ್ನುತ್ತಾರೆ. ಆ ಊರಿನ ಇನ್ನೊಬ್ಬನೇ ಒಬ್ಬ ಮನುಷ್ಯನ ಉದಾಹರಣೆಯನ್ನಾದರೂ ಕೊಟ್ಟಿದ್ದಾರೆಯೆ? ಹನ್ನೆರಡು ಪುಟ ಇದೆ. ಹಬ್ಬದ ಸಿಹಿತಿಂಡಿಯ ವಿವರವೂ ಇದೆ. ಒಂದು ಹೆಸರಿಲ್ಲ.

ನ್ಯಾಯಾಧೀಶೆ ಕನ್ನಡಕ ತೆಗೆದರು. “ಅಂಥವರು ಬದುಕಿರುವವರು ಯಾರಾದರೂ ಇದ್ದಾರೆಯೆ? ಈ ದೇಶದಲ್ಲಿ?”

“ನನ್ನ ಬಳಿ ಆ ಮಾಹಿತಿ ಇಲ್ಲ,” ಎಂದಳು ನಿಖತ್.

ಮಯೂರಿಯ ಎಡಗಡೆ, ಖಾಲಿ ಜಾಗದಿಂದ, ವಿಭೂತಿಯ ವಾಸನೆ ಬಂತು. ತನ್ನ ಸ್ವೆಟರಿನದೇ ಇರಬೇಕು ಎಂದುಕೊಂಡಳು. ಆದರೆ ಆ ಕಡೆಯ ತೋಳಿಗೆ ಮಾತ್ರ ಮಂಜು ತಾಕಿದಂತೆ ತಣ್ಣಗಾಯಿತು. ಯಾರೋ ಕತೆ ನಿಲ್ಲಿಸಿ ಕಾಯುತ್ತಿದ್ದರು. ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ಆ ಬಿಳಿ ಗೆರೆ ಕಾಣುತ್ತಿತ್ತೆಂದು ಅವಳಿಗೆ ಖಾತ್ರಿಯಿತ್ತು.

ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ತಿಳಿಯಲಿಲ್ಲ.

“ಒಬ್ಬರಿದ್ದಾರೆ,” ಎಂದಳು. “ನನ್ನ ತಂದೆ. ಅವರದೂ ಜೂನ್ ಒಂದು. ಅಜ್ಜಿ ಹೇಳಿದ್ದರು. ನಾನು ಬರೆಯಲಿಲ್ಲ. ಬರೆದಿದ್ದೇನೆ ಅಂತ ಅವರಿಗೆ ಸುಳ್ಳು ಹೇಳಿದೆ.”

ನಿಖತ್ ತಿರುಗಿ ನೋಡಿದ ನೋಟವನ್ನು ಮಯೂರಿ ಬಹುಕಾಲ ಮರೆಯಲಾರಳು. ನ್ಯಾಯಾಧೀಶೆ ಏನನ್ನೋ ಬರೆದುಕೊಂಡರು. ಪ್ರಮಾಣ ಮಾಡಿ ಸಾಲು ಬಿಟ್ಟದ್ದರ ವಿಚಾರ ಆಮೇಲೆ ನೋಡೋಣ ಎಂದರು.

“ನಿಮ್ಮ ತಂದೆ ಈಗ ಎಲ್ಲಿದ್ದಾರೆ?”

“ಅಜ್ಜಿಯ ಹತ್ತಿರ. ಎರಡು ಗಂಟೆಗೆ ಮಣ್ಣು.”

“ನಾಳೆ ಹತ್ತು ಗಂಟೆಗೆ ಅವರು ಆ ಕುರ್ಚಿಯಲ್ಲಿ ಇದ್ದರೆ, ನಾಳೆಯೇ ತೀರ್ಮಾನ ಹೇಳುತ್ತೇನೆ. ಇಲ್ಲದಿದ್ದರೆ ಇರುವ ಕಾಗದದ ಮೇಲೆ ಹೇಳಬೇಕಾಗುತ್ತದೆ.” ಆ ಕಾಗದ ಸಾಲದು ಎಂಬುದನ್ನು ಅವರ ದನಿಯೇ ಹೇಳಿತು.

ನಿಖತ್ ಕೂರಲಿಲ್ಲ. ಕೈದಿಯನ್ನು ಹೇಗೂ ಹೊರಗೆ ತಂದಿದ್ದೀರಿ, ಹಿಂದೆ ಹೋಗುವ ದಾರಿಯಲ್ಲಿ ಒಂದು ಗಂಟೆ ಸ್ಮಶಾನದಲ್ಲಿ ನಿಲ್ಲಿಸಬಹುದೆ ಎಂದು ಕೇಳಿದಳು. ಎದುರು ಪಕ್ಷದ ವಕೀಲ ಹೊರಗೆ ಹೋಗಿ ಫೋನು ಮಾಡಿ ಬಂದ. ಆಗಬಹುದು, ಕಾಗದ ಪತ್ರ ಮುಗಿದ ಮೇಲೆ. ಒಂದೇ ಷರತ್ತು: ಕೈಕೋಳ ಹಾಕಿರಬೇಕು, ಕೋಳದ ಇನ್ನೊಂದು ತುದಿ ಅಧಿಕಾರಿಯ ಕೈಯಲ್ಲಿರಬೇಕು, ಯಾವ ಕಾರಣಕ್ಕೂ ಬಿಚ್ಚಕೂಡದು.

•

ಹೆಣದ ಗಾಡಿಗಳೆಲ್ಲ ಮಲಗಿದವರಿಗಾಗಿ ಮಾಡಿದವು. ಕೂತವರನ್ನು ಒಯ್ಯಲು ಫ್ಯೂನರಲ್‌ನವನು ಗಾಲಿಕುರ್ಚಿಯವರ ವ್ಯಾನು ಗೊತ್ತುಮಾಡಿದ್ದ. ಇಳಿಜಾರು ಹಲಗೆಯ ಮೇಲೆ ಆಯಿ ಕೂತೇ ಏರಿದಳು, ಆಸ್ಪತ್ರೆಗೆ ಹೊರಟವಳಂತೆ. ಒಂದು ಬದಿಗೆ ಮಯೂರಿ, ಎದುರಿಗೆ ತಿಪ್ಪಣ್ಣ. ಮೂಲೆಯ ಕಿರಾಣಿ ಅಂಗಡಿಯ ಮುಂದೆ ಬಸ್ಸಿಗೆ ಕಾದವರು ಕಿಟಕಿಯಲ್ಲಿ ಹೂ ಮುಡಿದು ನೆಟ್ಟಗೆ ಕೂತ ಮುದುಕಿಯನ್ನು ಕಂಡು ಕೈ ಬೀಸಿದರು. ಹಿಲ್ಸ್‌ಬರೋ ಸ್ಮಶಾನದ ಇಳಿಜಾರು ಬಂದಾಗ ದೂರದಲ್ಲಿ ಮನುಕಾವ್ ಕೊಲ್ಲಿಯ ಬೂದು ನೀರು ಕಂಡಿತು.

“ಅಪ್ಪಾ,” ಎಂದಳು ಮಯೂರಿ. “ಕೋರ್ಟಿನಾಗ ನಿನ್ನ ಹೆಸರು ಹೇಳಿದೆ. ನಾಳೆ ನೀ ಬರಬೇಕಂತ.”

ವ್ಯಾನು ತಿರುವಿನಲ್ಲಿ ಹೊರಳಿದಾಗ ಆಯಿಯ ಮೊಳಕಾಲು ತಿಪ್ಪಣ್ಣನ ಮೊಳಕಾಲಿಗೆ ತಾಗಿತು. ಅವನು ಸರಿಯಲಿಲ್ಲ.

“ಯಾಕ ಹೇಳ್ದಿ?”

“ಆಯಿ ಕೇಳ್ಕೋತ ಕೂತಿದ್ಲು.”

“ಎಲ್ಲಿ?”

ಅವಳು ತನ್ನ ಎಡತೋಳನ್ನು ಸವರಿಕೊಂಡಳು.

ಕುಣಿ ಚೌಕವಾಗಿತ್ತು, ಆಳವಾಗಿತ್ತು. ಮಣ್ಣು ಕುಸಿಯದಂತೆ ಸುತ್ತ ಹಲಗೆ ಕೊಟ್ಟು, ಒಂದು ಬದಿಯಲ್ಲಿ ಮಾತ್ರ ಗೂಡು ಕೊರೆದಿದ್ದರು. ಅಂಥದೊಂದನ್ನು ಅಗೆಯಲು ಒಪ್ಪಿಸಲಿಕ್ಕೆ ಲಿಂಗರಾಜ ಅಂಕಲ್ ಹಿಂದಿನ ದಿನ ಮೂರು ಸಲ ಕಚೇರಿಗೆ ಅಲೆದಿದ್ದರು. ಅಲ್ಲಿಯ ಮೇಲ್ವಿಚಾರಕಿ ಹಳದಿ ಜಾಕೆಟ್ಟಿನ ಹೆಂಗಸು. ಎರಡು ಬೆರಳು ಎತ್ತಿ ತೋರಿಸಿದಳು. “ಒಳಗೆ ಇಬ್ಬರೇ. ಮೂರನೆಯವರು ಇಳಿದರೆ ನಾನು ಕೆಲಸ ನಿಲ್ಲಿಸುತ್ತೇನೆ.”

ಎರಡಾಯಿತು. ಎರಡೂವರೆಯಾಯಿತು. ಬಿಲ್ವಪತ್ರೆ ಸಿಗದೆ ಯಾರದೋ ಹಿತ್ತಲಿನ ಎಲೆ ತಂದಿದ್ದರು. ಅದನ್ನೇ ಪತ್ರೆ ಎನ್ನಬಹುದೇ ಎಂದು ಗಂಡಸರು ಪಿಸುಗುಟ್ಟಿದರು.

“ಜೈಲಿನವ್ರು ಬಿಡ್ತೀವಿ ಅಂತಾರೆ, ಬಿಡಲ್ಲ. ನೋಡ್ತಿರಿ,” ಎಂದರು ಪ್ರಭಾ ಆಂಟಿ.

“ನಿಮ್ಮ ಬಾಯಾಗ ಸಕ್ರಿ ಹಾಕಬೇಕು ನೋಡ್ರಿ,” ಎಂದಳು ಶಾಂತಾ, ಅಳುತ್ತಲೇ.

ಮಯೂರಿ ಗೇಟಿನ ಕಡೆಯೇ ನೋಡುತ್ತಿದ್ದಳು. ಮೂರಾಯಿತು. ಮೂರೂ ಕಾಲು. ಚಳಿಗಾಲದ ಬಿಸಿಲಿಗೆ ಸಮಾಧಿ ಕಲ್ಲುಗಳ ನೆರಳು ಉದ್ದಕ್ಕೆ ಮಲಗಿತು.

“ಇನ್ನ ಸಾಕು ತಂಗಿ,” ಎಂದರು ಲಿಂಗರಾಜ ಅಂಕಲ್ ಮೆತ್ತಗೆ. “ಆಕಿನ್ನ ಎಷ್ಟ್ ಹೊತ್ತು ಚಳ್ಯಾಗ ಕುಂದ್ರಸೂದು? ತಿಪ್ಪಣ್ಣಾ, ಇಳಿ. ನಾ ನಿನ್ನ ಹಿಂದ ಇಳೀತೀನಿ.”

ತಿಪ್ಪಣ್ಣ ಚಪ್ಪಲಿ ಬಿಚ್ಚಿ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಮಯೂರಿಗೆ ಕುರ್ಚಿಯಲ್ಲಿ ಕೂತವಳ ಕಡೆ ನೋಡುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಗೇಟಿನೊಳಗೆ ಬಿಳಿ ವ್ಯಾನು ತಿರುಗಿತು.

ರುದ್ರೇಶ ಓಡಿ ಬರಲು ಹೋದ. ಕೋಳ ಎಳೆಯಿತು. ಮಣಭಾರದ ಹೇಮಿಯೂ ಅವನ ಜೊತೆ ಓಡಿದ. ಕಲ್ಲುಗಳ ನಡುವೆ ಇಬ್ಬರೂ ಕೈಕೈ ಹಿಡಿದ ಮಕ್ಕಳಂತೆ ಓಡಿ ಬಂದರು.

“ಇವನ ಕೋಳ ಬಿಚ್ಚಿ,” ಲಿಂಗರಾಜ ಅಂಕಲ್ ಇಂಗ್ಲಿಷಿನಲ್ಲಿ ಕೇಳಿಕೊಂಡರು. “ಹತ್ತೇ ನಿಮಿಷ. ಅವನು ಇಳಿಯಬೇಕು.”

ಹೇಮಿ ತಲೆಯಾಡಿಸಿದ. “ಆಗುವುದಿಲ್ಲ. ಕೀಲಿ ನನ್ನ ಬಳಿ ಇಲ್ಲ, ಕೊಟ್ಟಿಲ್ಲ.” ಕುಣಿಯೊಳಗೆ ನೋಡಿದ. ಕುರ್ಚಿಯಲ್ಲಿ ಕೂತ ಮುದುಕಿಯನ್ನು ನೋಡಿದ. ಆಮೇಲೆ ಹುಲ್ಲಿನ ಮೇಲೆ ಕೂತು, ಒಂದೇ ಕೈಯಿಂದ ಬೂಟಿನ ಲಾಡಿ ಬಿಚ್ಚತೊಡಗಿದ. “ನಮ್ಮಲ್ಲೂ ಅಜ್ಜಿಯರನ್ನ ಕೊನೆಯ ತನಕ ಒಂಟಿಯಾಗಿ ಬಿಡುವುದಿಲ್ಲ. ನಾನೂ ಇಳಿಯುತ್ತೇನೆ.”

ಹಳದಿ ಜಾಕೆಟ್ಟಿನವಳು ಏಣಿಯ ಬಳಿ ಬಂದಳು. “ಇಬ್ಬರೇ,” ಎಂದಳು. ಗಟ್ಟಿಯಾಗಿ ಹೇಳಲಿಲ್ಲ.

ಏಣಿಯ ಮೇಲಿದ್ದ ತಿಪ್ಪಣ್ಣ ಆ ಇಬ್ಬರನ್ನು ನೋಡಿದ. ಒಂದೇ ಸರಪಳಿಯ ಇಬ್ಬರು. ಅವರಾಗಲೇ ಇಬ್ಬರಾಗಿಬಿಟ್ಟಿದ್ದರು.

“ಕಾಕಾ...” ಎಂದ ರುದ್ರೇಶ. ಹನ್ನೊಂದು ತಿಂಗಳಲ್ಲಿ ತಿಪ್ಪಣ್ಣ ಒಂದು ಸಲವೂ ಅವನನ್ನು ನೋಡಲು ಹೋಗಿರಲಿಲ್ಲ.

ತಿಪ್ಪಣ್ಣ ಮೇಲೆ ಬಂದ. ಏಣಿಯನ್ನು ಗಟ್ಟಿಯಾಗಿ ಹಿಡಿದು ನಿಂತ. “ಇಳಿ. ಬೆಳಕ ಹೊಂಟೈತಿ.”

ಅವರು ಒಬ್ಬರ ಕೈಗೊಬ್ಬರು ಕೈ ಕೊಡುತ್ತ, ಒಂದೊಂದೇ ಮೆಟ್ಟಿಲು ಇಳಿದರು. ಮೇಲೆ ನಾಲ್ವರು ಪಟ್ಟಿ ಬಿಚ್ಚಿ, ಧೋತರದ ಜೋಲಿಯಲ್ಲಿ ಆಯಿಯನ್ನು ಎತ್ತಿದರು. ತಿಪ್ಪಣ್ಣ ಏಣಿ ಬಿಡದೆ, ಕುಣಿಯಿಂದ ಕಣ್ಣು ತೆಗೆಯದೆ, ಪಕ್ಕದಲ್ಲಿದ್ದ ನಿಖತ್‌ಳನ್ನು ಕೇಳಿದ.

“ನಾಳೆ ಎಷ್ಟಕ್ಕ ಬರಬೇಕವಾ?”

“ಹತ್ತಕ್ಕ ಕಾಕಾ. ಒಂಬತ್ತೂವರಿಗೆ ಬಂದ್ರ ಛಲೋ.”

“ಸಾಲಿ ಸರ್ಟಿಫಿಕೇಟು ತರಲ್ಯಾ?”

“ತರ್ರಿ.”

ಕೆಳಗೆ ರುದ್ರೇಶ ಎಡಗೈಯಿಂದ ಆಯಿಯ ಬೆನ್ನು ಹಿಡಿದ. ಅವನ ಬಲಗೈ ಆಯಿಯ ಎದೆಯ ಮುಂದೆ ಹಾಯಬೇಕಿತ್ತು. ಅದರ ಜೊತೆ ಹೇಮಿಯ ಎಡಗೈಯೂ ಹಾಯಿತು. ಇಬ್ಬರೂ ಆಕೆಯನ್ನು ಗೂಡಿನೊಳಗೆ ಸರಿಸಿ, ಮುಖ ಮಯೂರಿ ನಿಂತ ದಿಕ್ಕಿಗೆ ತಿರುಗಿಸಿ ಕೂರಿಸಿದರು. ಲಿಂಗರಾಜ ಅಂಕಲ್ ಮೇಲಿನಿಂದ ಹೇಳುತ್ತ ಹೋದರು: ಎಡಗೈ ಮೇಲೆ ಮಾಡು, ಅಂಗೈಯಾಗ ಲಿಂಗ ಇಡು, ತೆಲಿ ಬಿಡಬ್ಯಾಡ. ಬುಟ್ಟಿ ಬುಟ್ಟಿ ವಿಭೂತಿ ಇಳಿಯಿತು, ಎಲೆ ಇಳಿಯಿತು. ರುದ್ರೇಶ ಒಂದು ಕೈಯಿಂದ ಆಯಿಯ ಸುತ್ತ ಒತ್ತಿ ಒತ್ತಿ ತುಂಬಿದ, ಸೊಂಟದ ತನಕ, ಎದೆಯ ತನಕ. ಹೇಮಿ ಗಲ್ಲ ಹಿಡಿದುಕೊಂಡು ಅಲುಗದೆ ನಿಂತಿದ್ದ.

“ಈಗ ಬಿಡಲೆ?” ಎಂದು ಕೇಳಿದ ಅವನು.

“ಒಂದ್ ಸ್ವಲ್ಪ,” ಎಂದ ರುದ್ರೇಶ, ಕನ್ನಡದಲ್ಲಿ. ಹೇಮಿಗೆ ಅರ್ಥವಾಯಿತು.

ಕುತ್ತಿಗೆಯ ಹಿಂದಕ್ಕೆ ಕೊನೆಯ ಹಿಡಿ ತುಂಬಿ ಒತ್ತಿದ ಮೇಲೆ ಇಬ್ಬರೂ ಒಟ್ಟಿಗೇ ಕೈ ತೆಗೆದರು. ಆಯಿ ವಾಲಲಿಲ್ಲ. ಬೆರಳಿನಿಂದ ಮೊಣಕೈಯವರೆಗೆ ಬಿಳಿಯಾದ ಎರಡು ಕೈಗಳು, ನಡುವೆ ಸರಪಳಿಯೂ ಬಿಳಿಯಾಗಿ, ಅವಳ ಮುಖದ ಮುಂದೆ ಗಾಳಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಚಾಚಿಕೊಂಡಿದ್ದವು.